ಗೋವಾದಲ್ಲಿ ಗಾಲ್ಫ್, ಕ್ಯಾಸಿನೋ ಎರಡೂ ಕಡಿಮೆ ಖರ್ಚಲ್ಲಿ

ಮೂವರು ಗೆಳೆಯರಿಗೆ ಗಾಲ್ಫ್, ಕ್ಯಾಸಿನೋ ಎರಡೂ ಒಂದೇ ರೆಸಾರ್ಟಿನಲ್ಲಿ ಬೇಕು ಅಂದಿದ್ದೀರಿ. ಆ ಹಟ ಬಿಟ್ಟರೆ ದುಡ್ಡು ಉಳಿಯುತ್ತದೆ ಸರ್. ಗಾಲ್ಫ್‌ಗೆ ದಕ್ಷಿಣ ಗೋವಾದ ಕಾಣಕೋಣದ ರಾಜ್‌ಬಾಗ್ ಕಡಲ ದಂಡೆಯ ಲಲಿತ್ ರೆಸಾರ್ಟ್ ನೋಡಿ, 9 ಹೋಲ್‌ಗಳ (ಚೆಂಡು ಬೀಳಿಸುವ ಗುಳಿಗಳ) ಗಾಲ್ಫ್ ಮೈದಾನ ಇದೆ. ಹೊರಗಿನವರಿಗೆ ಆಡಲು ಬಿಡುತ್ತಾರಾ, ಶುಲ್ಕ ಎಷ್ಟು ಅಂತ ಮೊದಲೇ ಫೋನ್ ಮಾಡಿ ಕೇಳಿ. ಬಿಡುವುದಾದರೆ ಪಕ್ಕದ ಪಾಲೋಲೆಮ್‌ನಲ್ಲಿ ಅಗ್ಗದ ಕೋಣೆ ಹಿಡಿಯಿರಿ. ಬೆಂಗಳೂರಿಂದ ರಾತ್ರಿ ರೈಲಿನಲ್ಲಿ ಕಾರವಾರಕ್ಕೆ ಬಂದರೆ ಕಾಣಕೋಣ ಹತ್ತಿರ.

ಕ್ಯಾಸಿನೋ ಹಡಗುಗಳಿರುವುದು ಪಣಜಿಯ ಮಾಂಡೋವಿ ನದಿಯಲ್ಲಿ. ಒಂದು ರಾತ್ರಿ ಪಣಜಿಯಲ್ಲೇ ಉಳಿಯಿರಿ, ವಾರದ ನಡುವೆ ಹೋಗಿ. ಶುಕ್ರವಾರದಿಂದ ಪ್ರವೇಶ ದರ ಏರುತ್ತದೆ. ಟಿಕೆಟ್‌ನಲ್ಲೇ ಊಟ ಸೇರಿರುವ ಪ್ಯಾಕೇಜ್ ತಗೊಳ್ಳಿ. 21 ವರ್ಷ ತುಂಬಿದೆ ಅಂತ ತೋರಿಸುವ ಗುರುತಿನ ಚೀಟಿ ಮೂವರಲ್ಲೂ ಇರಲಿ. ಆಟದ ದುಡ್ಡು ನಗದಾಗಿ ಎಣಿಸಿಟ್ಟು, ಎಟಿಎಂ ಕಾರ್ಡ್ ಕೋಣೆಯಲ್ಲೇ ಬಿಟ್ಟು ಹೋಗಿ, ದಯವಿಟ್ಟು.