‘ಕಾಯಕವೇ ಕೈಲಾಸ’ ಅಂದ್ರೆ ಹಗಲೂ ರಾತ್ರಿ ದುಡಿಯಬೇಕು ಅಂತಲಾ?

ಅಲ್ಲ. ಆಫೀಸಿನ ಗೋಡೆಗೆ ಈ ಮಾತು ಬರೆಸುವವರು ಅರ್ಧವನ್ನಷ್ಟೇ ಬರೆಸುತ್ತಾರೆ. 12ನೇ ಶತಮಾನದ ಶರಣರಲ್ಲಿ ಕಾಯಕದ ಜೊತೆಗೇ ದಾಸೋಹವೂ ಇತ್ತು. ದುಡಿದು ತಂದದ್ದನ್ನು ಹಂಚಿ ಉಣ್ಣಬೇಕು, ಕೂಡಿಡಬಾರದು.

ಈ ಮಾತು ಬಸವಣ್ಣನವರದ್ದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆದರೆ ಇದು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದೇ ಅವನ ಕಾಯಕ. ಕಥೆ ಹೀಗಿದೆ: ಒಂದು ದಿನ ಮಾರಯ್ಯ ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ, ಗದರಿದಳು. ನಮಗೇಕೆ ಇಷ್ಟು ಆಸೆ, ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಎಂದಳು. ಅಂದರೆ ‘ಇಷ್ಟು ಸಾಕು’ ಅನ್ನುವ ಗೆರೆ ಕಾಯಕದ ಒಳಗೇ ಇತ್ತು. ನಮ್ಮ ಓವರ್‌ಟೈಮಿಗೆ ಆ ಗೆರೆ ಎಲ್ಲಿದೆ, ಹೇಳಿ!

ಹಾಗಂತ ಸುಮ್ನೆ ಕೂರುವ ಹಾಗೂ ಇರಲಿಲ್ಲ. ಪೂಜೆಯ ನೆಪ ಹೇಳಿದರೂ ಕೆಲಸ ತಪ್ಪುತ್ತಿರಲಿಲ್ಲ.

ಇನ್ನೊಂದು ವಿಷಯ. ಬಟ್ಟೆ ಒಗೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಭಂಡಾರ ನೋಡಿಕೊಳ್ಳುವ ಬಸವಣ್ಣ, ಎಲ್ಲರೂ ಒಟ್ಟಿಗೆ ಕೂತು ಮಾತಾಡುತ್ತಿದ್ದರು ಅನ್ನುತ್ತಾರೆ. ನಮ್ಮ ಆಫೀಸುಗಳಲ್ಲಿ ಹೌಸ್‌ಕೀಪಿಂಗ್‌ನವರ ಊಟದ ಜಾಗವೇ ಬೇರೆ, ಅಲ್ವಾ?