ಕುಸಿಯುವ ನಕ್ಷತ್ರದ ಅಲೆ ಯಾಕೆ ಸಿಕ್ಕಿಲ್ಲ?

ದೈತ್ಯ ನಕ್ಷತ್ರ ಕುಸಿದು ಕಪ್ಪುಕುಳಿಯಾಗುವಾಗ ಏಳುವ ಗುರುತ್ವ ಅಲೆಯನ್ನು, ಅಂದರೆ ದೇಶಕಾಲದಲ್ಲೇ ಏಳುವ ಕಂಪನವನ್ನು, ಅದನ್ನು ಹಿಡಿಯಲೆಂದೇ ಅಮೆರಿಕದಲ್ಲಿ ಕಟ್ಟಿರುವ ಲೈಗೋ ಯಾಕೆ ಹಿಡಿದಿಲ್ಲ ಅಂತ ಕೇಳಿದ್ದೀರಿ. ನಕ್ಷತ್ರ ಎಷ್ಟೇ ದೊಡ್ಡದಿರಲಿ, ಎಲ್ಲ ಕಡೆಯಿಂದ ಒಂದೇ ಸಮನಾಗಿ, ದುಂಡಗೇ ಕುಸಿದರೆ ಅಲೆಯೇ ಹುಟ್ಟುವುದಿಲ್ಲ. ತಿರುಳು ಗಿರ್ರನೆ ತಿರುಗುತ್ತ ಚಪ್ಪಟೆಯಾಗಬೇಕು, ಇಲ್ಲವೇ ಒಳಗಿನ ದ್ರವ್ಯ ಕುದಿಯುತ್ತ ಹೊಯ್ದಾಡಬೇಕು. ಆಗಲೂ ಅಲೆ ಕ್ಷೀಣವೇ. 2015ರ ಸೆಪ್ಟೆಂಬರ್ 14ರಂದು ಸಿಕ್ಕ ಮೊದಲ ಅಲೆ ಎರಡು ಕಪ್ಪುಕುಳಿಗಳು ಒಂದಾದಾಗ ಎದ್ದದ್ದು. ಸುಮಾರು 3 ಸೂರ್ಯರಷ್ಟು ದ್ರವ್ಯರಾಶಿ ಅಲೆಯಾಗಿ ಹೋಗಿತ್ತು, ಅದಕ್ಕೇ ನೂರು ಕೋಟಿ ಜ್ಯೋತಿರ್ವರ್ಷಕ್ಕಿಂತ ಆಚೆಯಿಂದಲೂ ಮುಟ್ಟಿತು. ಕುಸಿತದ ಅಲೆ ಸಿಗಬೇಕಾದರೆ ಅದು ನಮ್ಮ ಕ್ಷೀರಪಥದಲ್ಲೋ ತೀರಾ ಅಕ್ಕಪಕ್ಕದಲ್ಲೋ ಆಗಬೇಕು. 1987ರಲ್ಲಿ ನಮ್ಮ ನೆರೆಯ ಪುಟ್ಟ ಗ್ಯಾಲಕ್ಸಿಯಾದ ದೊಡ್ಡ ಮೆಗೆಲ್ಲಾನಿಕ್ ಮೋಡದಲ್ಲಿ ಒಂದು ನಕ್ಷತ್ರದ ತಿರುಳು ಕುಸಿದು ಸಿಡಿದಾಗ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳು ಸಿಕ್ಕವು. ಲೈಗೋ ಆಗಿನ್ನೂ ಕಟ್ಟಿರಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.