ಕ್ಲೋರಿನ್ ಹಾಕಿದ ಮೇಲೆ ಕೊಳದ ನೀರು ತುಕ್ಕು ಬಣ್ಣಕ್ಕೆ ತಿರುಗಿದ್ದೇಕೆ?

ಪ್ರಶ್ನೆ: ನಮ್ಮದು 50,000 ಲೀಟರಿನ ಸಿಮೆಂಟ್ ಈಜುಕೊಳ, ಮರಳಿನ ಫಿಲ್ಟರ್ ಇದೆ. ಖಾಲಿ ಮಾಡಿ ತೊಳೆದು ಬೋರ್‌ವೆಲ್ ನೀರು ತುಂಬಿಸಿದೆವು. ತಳ ಕಾಣುವಷ್ಟು ತಿಳಿಯಾಗಿದ್ದ ನೀರು ಕ್ಲೋರಿನ್ ಹಾಕಿದ ಗಂಟೆಯೊಳಗೆ ತುಕ್ಕು ಬಣ್ಣಕ್ಕೆ ತಿರುಗಿತು. ಪಿಎಚ್ 7.9, ಒಟ್ಟು ಕ್ಷಾರತೆ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) 180 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ಗಡಸುತನ 300. ಆಮ್ಲ ಹಾಕಿದರೆ ಪಿಎಚ್ ಇಳಿಯುತ್ತದೆ, ಎರಡೇ ದಿನಕ್ಕೆ ಮತ್ತೆ ಏರುತ್ತದೆ. ನೀರು ಬದಲಿಸಬೇಕೆ?

ಉತ್ತರ: ಬೇಡ. ಅದೇ ಬೋರ್‌ವೆಲ್‌ನಿಂದ ಮತ್ತೆ ತುಂಬಿಸಿದರೂ ಇದೇ ಕಥೆ. ನೀರಿನಲ್ಲಿ ಕರಗಿದ್ದ ಕಬ್ಬಿಣ ಕಣ್ಣಿಗೆ ಕಾಣುವುದಿಲ್ಲ. ಕ್ಲೋರಿನ್ ತಗುಲಿದೊಡನೆ ಅದು ತುಕ್ಕಿನ ಕಣವಾಗಿ ಹೊರಬೀಳುತ್ತದೆ.

ಸದ್ಯಕ್ಕೆ ಆಮ್ಲದ ಕ್ಯಾನು ಮುಟ್ಟಬೇಡಿ. ಪಿಎಚ್ ಮೇಲಿದ್ದಾಗ ಕಬ್ಬಿಣ ಚೆನ್ನಾಗಿ ಕಣವಾಗುತ್ತದೆ. ಇಳಿದರೆ ಸ್ವಲ್ಪ ಮತ್ತೆ ಕರಗಿ ಫಿಲ್ಟರ್‌ನಿಂದ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ 7.9 ಈಗ ನಿಮಗೆ ಅನುಕೂಲವೇ. ಕ್ಲೋರಿನ್ 2–3 ಪಿಪಿಎಂ ಇರಲಿ, ಪಂಪ್ ಹಗಲೂ ರಾತ್ರಿ ಓಡಲಿ. ಮೇಲ್ಮೈ ನೀರನ್ನು ಎಳೆದುಕೊಳ್ಳುವ ಸ್ಕಿಮ್ಮರ್‌ನ ಬುಟ್ಟಿಯಲ್ಲಿ ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರನ್ನು ಸಡಿಲವಾಗಿ ಇಡಿ. ಮರಳು ಬಿಟ್ಟುಕೊಡುವ ನಯವಾದ ತುಕ್ಕನ್ನು ಅದು ಹಿಡಿಯುತ್ತದೆ. ಕೆಂಪಾದಾಗಲೆಲ್ಲ ಬದಲಿಸಿ. ಫಿಲ್ಟರ್ ಒತ್ತಡ ಶುಚಿಯಾಗಿದ್ದಾಗಿನದಕ್ಕಿಂತ ಸುಮಾರು 0.5 ಬಾರ್ ಏರಿದಾಗ ಬ್ಯಾಕ್‌ವಾಷ್ ಮಾಡಿ, ಅಂದರೆ ನೀರನ್ನು ಹಿಮ್ಮುಖ ಹರಿಸಿ ಮರಳು ತೊಳೆಯಿರಿ. ತಳಕ್ಕೆ ಕೂತದ್ದನ್ನು ದಿನವೂ ಬ್ರಷ್‌ನಿಂದ ಎಬ್ಬಿಸಿ, ಇಲ್ಲದಿದ್ದರೆ ಸಿಮೆಂಟಿಗೆ ಕಲೆ ಹಿಡಿಯುತ್ತದೆ. ಕಡಿಮೆಯಾದ ನೀರನ್ನು ಅದೇ ಬೋರ್‌ವೆಲ್‌ನಿಂದ ಭರ್ತಿ ಮಾಡುವುದಾದರೆ ಮೆದುಕೊಳವೆಯ ಬಾಯಿಗೂ ಅದೇ ನಾರು ತುಂಬಿದ ಬಕೆಟ್ ಕಟ್ಟಿ. ಮುಂದಿನ ಸಲ ಪೂರ್ತಿ ತುಂಬಿಸುವಾಗ, ಕಬ್ಬಿಣವನ್ನು ಕಟ್ಟಿಹಾಕುವ ಸೀಕ್ವೆಸ್ಟ್ರಂಟ್ ಹಾಕಿದ ನಂತರವೇ ಕ್ಲೋರಿನ್.

ನೀರು ತಿಳಿಯಾದ ಮೇಲೆ ಕ್ಷಾರತೆಯ ಸರದಿ. ನೀವು ಪಿಎಚ್ ಜೊತೆ ಗುದ್ದಾಡುತ್ತಿದ್ದೀರಿ, ಅದನ್ನು ಮೇಲಕ್ಕೆತ್ತುತ್ತಿರುವುದು 180 ಇರುವ ಕ್ಷಾರತೆ. ಅಷ್ಟು ಕ್ಷಾರತೆಯ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ. ಅದು ಗಾಳಿಗೆ ಹಾರಿದಷ್ಟೂ ಪಿಎಚ್ ಏರುತ್ತದೆ. ಕ್ಷಾರತೆಯನ್ನು 80–100ಕ್ಕೆ ತನ್ನಿ. ನಿಮ್ಮ ಕೊಳದಲ್ಲಿ 10 ಪಿಪಿಎಂ ಇಳಿಸಲು ಶೇ 32ರ ಹೈಡ್ರೋಕ್ಲೋರಿಕ್ ಆಮ್ಲ ಸುಮಾರು 1 ಲೀಟರ್ ಬೇಕು, ಅಂದರೆ ಒಟ್ಟು 8 ಲೀಟರ್. ಒಂದೇ ಸಲಕ್ಕಲ್ಲ! ಒಮ್ಮೆಗೆ ಅರ್ಧದಿಂದ 1 ಲೀಟರ್, ಪಂಪ್ ಓಡುತ್ತಿರುವಾಗ. ಗಂಟೆಯ ನಂತರ ಅಳೆದು, ಪಿಎಚ್ 7.2ಕ್ಕೆ ಬಂದರೆ ನಿಲ್ಲಿಸಿ. ಆಮೇಲೆ ನೀರು ಬರುವ ನಳಿಕೆಗಳನ್ನು ಮೇಲ್ಮುಖ ಮಾಡಿ ನೀರು ಕಲಕುವಂತೆ ಬಿಡಿ. ಪಿಎಚ್ ತಾನೇ ಏರುತ್ತದೆ, ಕ್ಷಾರತೆ ಏರುವುದಿಲ್ಲ. ಮತ್ತೆ ಆಮ್ಲ. ಹೀಗೆ ಒಂದೆರಡು ವಾರ ಹಿಡಿಯಬಹುದು. ಬಕೆಟ್‌ನಲ್ಲಿ ಬೆರೆಸುವುದಾದರೆ ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರು ಬೇಡ. ಕ್ಲೋರಿನ್ ಮುಟ್ಟಿದ ಬಕೆಟ್ ಅಂತೂ ಬೇಡವೇ ಬೇಡ, ವಿಷಾನಿಲ ಏಳುತ್ತದೆ.

ಹೊಸ ನೀರಿನಲ್ಲಿ ಬಿಸಿಲಿನಿಂದ ಕ್ಲೋರಿನ್ ಕಾಯುವ ಸ್ಟೆಬಿಲೈಸರ್ (ಸಯಾನೂರಿಕ್ ಆಮ್ಲ) ಇರುವುದಿಲ್ಲ. ಅದಿಲ್ಲದೆ ಬಿರುಬಿಸಿಲಿಗೆ ಅರ್ಧ ಕ್ಲೋರಿನ್ ಒಂದು ಗಂಟೆಯೊಳಗೆ ಹಾಳಾಗುತ್ತದೆ. 30 ಪಿಪಿಎಂಗೆ 1.5 ಕೆಜಿ ಸಯಾನೂರಿಕ್ ಆಮ್ಲವನ್ನು ಕಾಲುಚೀಲದಲ್ಲಿ ಕಟ್ಟಿ ನಳಿಕೆಯ ಮುಂದೆ ತೂಗುಬಿಡಿ. ನಿಧಾನ ಕರಗುವ ವಸ್ತು. ಪರೀಕ್ಷೆಯಲ್ಲಿ ಕಾಣಲು ವಾರವೇ ಆಗಬಹುದು, ಆತುರಪಟ್ಟು ಇನ್ನಷ್ಟು ಸುರಿಯಬೇಡಿ. ಹೆಚ್ಚಾದರೆ ನೀರು ಚೆಲ್ಲುವುದೇ ದಾರಿ. ದಿನದ ಬಳಕೆಗೆ ದ್ರವ ಕ್ಲೋರಿನ್ ಸಾಕು: ಶೇ 10ರದಾದರೆ ಅರ್ಧ ಲೀಟರಿಗೆ 1 ಪಿಪಿಎಂ. ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿ 300ರ ಗಡಸುತನವನ್ನು ಇನ್ನೂ ಏರಿಸುತ್ತದೆ.

ಪ್ರಶ್ನೆ: ಇಷ್ಟೇ ದೊಡ್ಡ ಸಿಮೆಂಟ್ ಕೊಳಕ್ಕೆ ಮೆದು ನೀರು ತುಂಬಿಸಿ, ಅಡುಗೆ ಸೋಡ, ಕ್ಯಾಲ್ಸಿಯಂ ಕ್ಲೋರೈಡ್ ಎರಡನ್ನೂ ಒಟ್ಟಿಗೆ ಹಾಕಿದೆ. ನೀರು ಹಾಲಿನಂತಾಯಿತು.

ಉತ್ತರ: ಎರಡೂ ನೀರಿನಲ್ಲಿ ಹರಡುವ ಮುನ್ನ ಸಾಂದ್ರವಾಗಿ ಎದುರಾದಲ್ಲಿ ಸುಣ್ಣದ ಕಣ ಹುಟ್ಟುತ್ತದೆ. ಪಿಎಚ್ 7.2ಕ್ಕೆ ಇಳಿಸಿ ಫಿಲ್ಟರ್ ಓಡಿಸಿ; ಬಹುಪಾಲು ಕರಗುತ್ತದೆ. ಇನ್ನು ಮೇಲೆ ಮೊದಲು ಸೋಡ, ಮರುದಿನ ಕ್ಯಾಲ್ಸಿಯಂ. ಕ್ಷಾರತೆ 10 ಪಿಪಿಎಂ ಏರಿಸಲು ಸೋಡ 840 ಗ್ರಾಂ, ಗಡಸುತನ ಅಷ್ಟೇ ಏರಿಸಲು ಶೇ 77ರ ಕ್ಯಾಲ್ಸಿಯಂ ಕ್ಲೋರೈಡ್ ಸುಮಾರು 720 ಗ್ರಾಂ. ಕ್ಯಾಲ್ಸಿಯಂ ಕರಗುವಾಗ ಬಕೆಟ್ ಕೈ ಸುಡುವಷ್ಟು ಬಿಸಿಯಾಗುತ್ತದೆ, ಪುಡಿಯನ್ನು ತಣ್ಣೀರಿಗೆ ಸ್ವಲ್ಪ ಸ್ವಲ್ಪವೇ ಸುರಿಯಿರಿ.